ದೊಡ್ಡ ತೋಟ

"ಕೈ ಚಾಚಿ ಅಜ್ಜಿ. ಇದು ಹಾಕ್ಕೊಂಡಿಲ್ಲ ಅಂದ್ರೆ ಒಳಗೆ ಬಿಡಲ್ಲ," ಎಂದು ಟಿಕೆಟ್ ಕೌಂಟರಿನ ಹುಡುಗಿ ಮುದುಕಿಯ ಮಣಿಕಟ್ಟಿಗೆ ಹಳದಿ ಕಾಗದದ ಪಟ್ಟಿಯೊಂದನ್ನು ಸುತ್ತಿ, ಅಂಟಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದಳು. ಮುದುಕಿಯ ಉಗುರುಗಳ ಸಂದಿಯಲ್ಲಿ ಇನ್ನೂ ಹಸಿಮಣ್ಣಿತ್ತು. ಗಂಡನನ್ನು ಮಣ್ಣು ಮಾಡಿ ಸ್ಮಶಾನದಿಂದ ನೇರ ನಡೆದು ಬಂದಿದ್ದಳು. ಹುಡುಗಿ ಉಗುರುಗಳನ್ನು ನೋಡಿ, ಅಭ್ಯಾಸದಂತೆ, "ಕೈ ತೊಳ್ಯೋ ನಲ್ಲಿ ಎಡಗಡೆ," ಎಂದಳು.

ಪಟ್ಟಿಯ ಮೇಲೆ ನಗುತ್ತಿರುವ ಕುರಿಯ ಚಿತ್ರವಿತ್ತು. ಕುರಿ ನಗುವುದಿಲ್ಲ. ಸತ್ತವನು ಈ ಮಾತನ್ನು ಬದುಕಿದ್ದಷ್ಟು ಕಾಲವೂ ಹೇಳುತ್ತಿದ್ದ; ಮನೆಗೆ ಬಂದು, ಬಾಗಿಲು ಹಾಕಿಕೊಂಡ ಮೇಲೆ.

ಊರಿನ ಅಂಚಿನ ಈ ತೋಟಕ್ಕೆ ರಜೆಯ ದಿನ ಜನ ಸಂಸಾರ ಸಮೇತ ಬರುತ್ತಾರೆ. ಮೊಲ, ಮೇಕೆ, ಕುರಿಮರಿ, ಒಂದು ಕತ್ತೆ, ಕುಳ್ಳ ಕುದುರೆಗಳ ಒಂದು ಜೋಡಿ. ಇವುಗಳನ್ನು ಮಕ್ಕಳಿಂದ ಮುಟ್ಟಿಸಿ, ಫೋಟೋ ತೆಗೆದು, ಆ ಕೂಡಲೇ ಮಕ್ಕಳ ಅಂಗೈಗೆ ಔಷಧಿಯ ನೀರು ಹಚ್ಚಿ ತಿಕ್ಕುತ್ತಾರೆ. ಕುರಿಮರಿಗೆ ಆ ಸೌಕರ್ಯವಿಲ್ಲ.

ತೋಟದ ಯಜಮಾನ ಗೇಟಿನ ಒಳಗೆ ಕೈಕಟ್ಟಿ ನಿಂತಿದ್ದ. ಸ್ಮಶಾನಕ್ಕೆ ಬಂದಿರಲಿಲ್ಲ. ರಜೆಯ ದಿನ ಗೇಟು ಬಿಟ್ಟು ಬರುವುದು ಹೇಗೆ.

"ಹುಟ್ಟುಹಬ್ಬ ಮಾಡೋ ಹಾಲ್ ಇವತ್ತು ನಿಮಗೇ ಬಿಟ್ಟಿದೀನಮ್ಮ. ಟೀ, ಬಿಸ್ಕತ್ತು, ಕೇಕು ಎಲ್ಲ ನಮ್ಮ ಕಡೆಯಿಂದ. ತಾತ ಅಂದ್ರೆ ಈ ತೋಟ, ಈ ತೋಟ ಅಂದ್ರೆ ತಾತ." ಆಮೇಲೆ ದನಿ ತಗ್ಗಿಸಿದ. "ಒಂದೇ ಒಂದು. ಒಳಗಡೆ ಆ ಮಾತು ಮಾತ್ರ ಬೇಡ. ಮಕ್ಕಳು ಓಡಾಡ್ತಿರ್ತಾವೆ."

"ಯಾವ ಮಾತು?"

"ಅದೇ ಅಮ್ಮ. ನಿಮಗೆ ಗೊತ್ತಿಲ್ಲದ್ದಾ."

"ಗೊತ್ತಿಲ್ಲ. ಹೇಳಿ."

ಯಜಮಾನ ಮುದುಕಿಯ ಮಗಳ ಕಡೆ ನೋಡಿದ. ಮಗಳು ತಾಯಿಯ ಮೊಣಕೈ ಹಿಡಿದು, "ಸುಮ್ನಿರಮ್ಮ, ಪುಟ್ಟಿ ಒಳಗಿದಾಳೆ," ಎಂದಳು.

ಪುಟ್ಟಿ ಅವಳ ಮಗಳು. ಅಜ್ಜನನ್ನು ಹೂಳುವ ಹೊತ್ತಿನಲ್ಲಿ ಅವಳನ್ನು ಟಿಕೆಟ್ ಹುಡುಗಿಯ ಕೈಗೊಪ್ಪಿಸಿ ಹೋಗಿದ್ದರು. ತಾತ ಎಲ್ಲಿ ಎಂದು ಕೇಳಿದ್ದಕ್ಕೆ ದೊಡ್ಡ ತೋಟಕ್ಕೆ ಹೋಗಿದ್ದಾರೆ ಎಂದಿದ್ದರು. ಅಜ್ಜನ ಸಾವನ್ನು ಮಗುವಿನಿಂದ ಮುಚ್ಚಿಡಲು ಇಡೀ ಊರಿನಲ್ಲಿ ಅವರಿಗೆ ಸಿಕ್ಕಿದ್ದು ಅಜ್ಜ ದುಡಿಯುತ್ತಿದ್ದ ಜಾಗವೇ. ಇದು ಅಳಿಯನ ಯೋಚನೆ. ಅಳಿಯನಿಗೆ ಆಗಾಗ ಯೋಚನೆಗಳು ಬರುತ್ತಿದ್ದವು.

*

ತೋಟದ ಕೆಲಸಕ್ಕೆ ಸೇರಿದಾಗ ಮುದುಕಿಯ ಗಂಡ ಯಾರ ತಾತನೂ ಆಗಿರಲಿಲ್ಲ. ತಲೆತುಂಬ ಕಪ್ಪು ಕೂದಲಿತ್ತು, ಹೊಸ ಹೆಂಡತಿಯಿದ್ದಳು. ಮೇವು ಹಾಕುವುದು, ಸಗಣಿ ಬಾಚುವುದು ಅವನ ಕೆಲಸ. ಒಂದು ದಿನ ಯಾವುದೋ ಶಾಲೆಯ ಮಕ್ಕಳು ಬೇಲಿಗೆ ಜೋತುಬಿದ್ದು ನೋಡುತ್ತಿದ್ದಾಗ, ಕುರಿಮರಿಯೊಂದು ಮೊಣಕಾಲೂರಿ, ಪಕ್ಕಕ್ಕೆ ಹೊರಳಿ, ಕಾಲು ಚಾಚಿತು. ಸಾಯುವುದಕ್ಕೆ ಅದು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

"ಅಂಕಲ್, ಅದಕ್ಕೇನಾಯ್ತು?"

ಬಸ್ಸಿನಲ್ಲಿ ತನ್ನ ಕಾಲು ತುಳಿದವನ ಹತ್ತಿರ ತಾನೇ ಕ್ಷಮೆ ಕೇಳುವ ಜಾತಿಯವನು ಅವನು. ಆಗಲೂ ಅದನ್ನೇ ಮಾಡಿದ. ಸತ್ತ ಮರಿಯ ಪರವಾಗಿ ಮಕ್ಕಳ ಹತ್ತಿರ ಕ್ಷಮೆ ಕೇಳುವವನ ಹಾಗೆ ಹಲ್ಲುಬಿಟ್ಟು, "ಅದಕ್ಕೆ ನಿದ್ದೆ ಬಂದಿದೆ. ದೊಡ್ಡ ತೋಟಕ್ಕೆ ಹೋಗುತ್ತೆ. ಅಲ್ಲಿ ಹುಲ್ಲು ಜಾಸ್ತಿ," ಎಂದ.

ಟೀಚರಮ್ಮನ ಕಣ್ಣು ತುಂಬಿ ಬಂತು. ಹೋಗುವಾಗ ಅವನ ಕೈ ಕುಲುಕಿದಳು. ಬೇಲಿಯ ಬದಿಯಲ್ಲಿ ನಿಂತು ಕೇಳಿಸಿಕೊಂಡ ಯಜಮಾನ ಆ ಸಂಜೆಯೇ ಕೆಲಸದವರನ್ನೆಲ್ಲ ಸೇರಿಸಿ, ಈ ಗೇಟಿನ ಒಳಗೆ ಇನ್ನು ಯಾವ ಪ್ರಾಣಿಯೂ ಸಾಯುವುದಿಲ್ಲ, ದೊಡ್ಡ ತೋಟಕ್ಕೆ ಹೋಗುತ್ತದೆ ಎಂದು ಅಪ್ಪಣೆ ಮಾಡಿದ.

ಅಂದಿನಿಂದ ಗೇಟು ತೆಗೆಯುವ ಮುಂಚೆ ಸತ್ತದ್ದನ್ನು ಮೇವಿನ ಚೀಲಕ್ಕೆ ತುಂಬಿ, ತಳ್ಳುಗಾಡಿಯಲ್ಲಿ ಕೊಟ್ಟಿಗೆಯ ಹಿಂಬದಿಗೆ ಒಯ್ದು ಹೂಳುವುದೂ ಅವನ ಪಾಲಿಗೆ ಬಂತು. ಮಧ್ಯಾಹ್ನದೊಳಗೆ ಅದೇ ಬಣ್ಣದ ಇನ್ನೊಂದು ಬಂದು ಅದೇ ಹೆಸರಿಗೆ ಓಗೊಡುವುದನ್ನು ಕಲಿಯುತ್ತಿತ್ತು. ರಾಣಿ ಎಂಬ ಬಿಳಿ ಮೇಕೆ ಆ ತೋಟದಲ್ಲಿ ಒಂದು ತಲೆಮಾರಿನಿಂದ ಬದುಕಿದೆ. ತಾವು ಚಿಕ್ಕವರಿದ್ದಾಗ ಮುಟ್ಟಿದ ರಾಣಿಯನ್ನೇ ತಮ್ಮ ಮಕ್ಕಳಿಂದಲೂ ಮುಟ್ಟಿಸುವ ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗೂ, ಮೇಕೆ ಇಷ್ಟು ಕಾಲ ಬದುಕುತ್ತದೆಯೇ ಎಂಬ ಪ್ರಶ್ನೆ ಹುಟ್ಟಲಿಲ್ಲ. ಪ್ರಶ್ನೆ ಹುಟ್ಟುವ ಜಾಗದಲ್ಲಿ ಅವರು ಫೋನು ಹಿಡಿದಿದ್ದರು.

ಸುಳ್ಳು ಚೆನ್ನಾಗಿ ಓಡಿದ್ದರಿಂದ ಅವನಿಗೆ ಬಡ್ತಿ ಸಿಕ್ಕಿತು. ಯಜಮಾನ ಅವನಿಗೊಂದು ಹತ್ತಿಯ ಗಡ್ಡ ಅಂಟಿಸಿ, ಕೈಗೆ ಕೋಲು ಕೊಟ್ಟು, "ತೋಟದ ತಾತ" ಎಂದು ಬೋರ್ಡಿನಲ್ಲಿ ಚಿತ್ರ ಬರೆಸಿದ. ವರ್ಷಗಳು ಕಳೆದು ಸ್ವಂತ ಗಡ್ಡವೇ ನೆರೆತಾಗ ಹತ್ತಿಯದನ್ನು ಬಿಟ್ಟರು.

ಮನೆಯಲ್ಲಿ ಅವನು ಬೇರೆ ಮನುಷ್ಯ. ಶೂ ಬಿಚ್ಚುತ್ತಲೇ ಶುರು ಮಾಡುತ್ತಿದ್ದ.

"ಎರಡು ಥರ ಕುರಿ ಕಣೇ. ಬೇಲಿ ಒಳಗಡೇವು ಹುಲ್ಲು ತಿಂತಾವೆ, ಹೊರಗಡೇವು ಐಸ್‌ಕ್ರೀಮು. ಇವತ್ತೊಬ್ಬಳು ಬಂದು ಕೇಳ್ತಾಳೆ, ಮೊಟ್ಟೆ ಇಡೋ ಶೋ ಎಷ್ಟು ಗಂಟೆಗೆ ಅಂತ."

"ನೀವೇನಂದ್ರಿ?"

"ಕೋಳಿಗೆ ಇವತ್ತು ರಜಾ ಅಂದೆ. ಪಾಪ, ಹೌದಾ ಅಂದ್ಲು."

ಅವಳು ಸೌಟು ಹಿಡಿದುಕೊಂಡೇ ನಗುತ್ತಿದ್ದಳು. ಅವರ ದಾಂಪತ್ಯ ಬಹುಪಾಲು ಹೀಗೆ, ಇತರರನ್ನು ಆಡಿಕೊಂಡು, ಸುಖವಾಗಿಯೇ ಕಳೆಯಿತು. ಸುಳ್ಳನ್ನು ಅವನು ಗಡ್ಡದ ಜೊತೆ ತೋಟದಲ್ಲೇ ಬಿಚ್ಚಿಟ್ಟು ಬರುತ್ತಾನೆಂದು ಅವಳು ನಂಬಿದ್ದಳು. ಅವಳ ತಾಯಿ ತೀರಿಕೊಂಡ ದಿನವೇ ಅವಳಿಗೆ ತಿಳಿಯಬೇಕಿತ್ತು. ಅಂದು ಅವನು ಮಧ್ಯಾಹ್ನವೇ ಮನೆಗೆ ಬಂದು, "ನಿಮ್ಮಮ್ಮನಿಗೆ ಸ್ವಲ್ಪ ಜ್ವರವಂತೆ, ನೋಡ್ಕೊಂಡು ಬರೋಣ," ಎಂದ. ಬಸ್ ಸ್ಟ್ಯಾಂಡಿನಲ್ಲಿ ರೋಗಿಗೆಂದು ಕಿತ್ತಳೆ ಹಣ್ಣನ್ನೂ ಕೊಂಡ. ಅವಳು ಹಣ್ಣಿನ ಚೀಲವನ್ನು ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ತವರಿನ ಅಂಗಳದಲ್ಲಿ ಸಾಲಾಗಿ ಹಾಕಿದ್ದ ಬಾಡಿಗೆ ಕುರ್ಚಿಗಳನ್ನು ಕಂಡಾಗಲೂ ಆ ಚೀಲ ಅವಳ ಕೈಯಲ್ಲೇ ಇತ್ತು.

*

ಹುಟ್ಟುಹಬ್ಬದ ಹಾಲಿನಲ್ಲಿ ಹಿಂದಿನ ದಿನದ ಬಲೂನುಗಳು ಅರ್ಧ ಗಾಳಿ ಹೋಗಿ ತೂಗಾಡುತ್ತಿದ್ದವು. ಮಕ್ಕಳ ಅಳತೆಯ ಕುರ್ಚಿಗಳಲ್ಲಿ ದೊಡ್ಡವರು ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಸತ್ತವನ ಅಕ್ಕ ಕೇಕಿನ ಎರಡನೆಯ ತುಂಡನ್ನು ಕೈಗೆ ತೆಗೆದುಕೊಂಡು, "ನನ್ನ ತಮ್ಮ ದೇವರಂಥವನು. ಹುಟ್ಟಿದ ಮೇಲೆ ಒಂದು ಸುಳ್ಳು ಹೇಳಿದೋನಲ್ಲ," ಎಂದಳು.

"ಹೌದಕ್ಕ," ಎಂದಳು ಮುದುಕಿ. "ಒಂದು ಹೇಳಿಲ್ಲ."

"ಕ್ರೀಮು ಸ್ವಲ್ಪ ಹುಳಿ ಬಂದಿದೆ," ಎಂದಳು ಅಕ್ಕ, ನಾಲಗೆಯಿಂದ ಬೆರಳು ನೆಕ್ಕಿ.

ಅಳಿಯ ಮುಂದಕ್ಕೆ ಬಾಗಿದ. "ಅತ್ತೆ, ಹೇಗೂ ಎಲ್ರಿಗೂ ಪಟ್ಟಿ ಹಾಕಿದಾರಲ್ಲ. ಟೀ ಆದ್ಮೇಲೆ ಒಂದು ಟ್ರ್ಯಾಕ್ಟರ್ ಸವಾರಿ ಮಾಡಿ ಹೋಗೋಣ್ವಾ? ಮಾವನಿಗೂ ಸಮಾಧಾನ ಆಗುತ್ತೆ."

"ನಿಮ್ಮ ಮಾವ ಆ ಟ್ರ್ಯಾಕ್ಟರ್ ಕಂಡ್ರೆ ಉಗೀತಿದ್ರು."

"ಅದು ಅವರ ತಮಾಷೆ ಅತ್ತೆ."

"ಅಲ್ಲಪ್ಪ. ಅದೊಂದೇ ಅವರು ತಮಾಷೆಗೆ ಹೇಳ್ತಿರ್ಲಿಲ್ಲ."

ಟ್ರ್ಯಾಕ್ಟರ್ ಡ್ರೈವರ್ ಒಳಗೆ ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ಐವತ್ತರ ಆಸುಪಾಸಿನ ದಪ್ಪ ಮನುಷ್ಯ. ಆ ಹಾಲಿನಲ್ಲಿ ನಿಜವಾಗಿ ಅತ್ತು ಕಣ್ಣು ಕೆಂಪಾಗಿದ್ದವನು ಅವನೊಬ್ಬನೇ.

"ಬಹಳ ಕಷ್ಟಪಟ್ರು ಅಜ್ಜಿ. ಆಸ್ಪತ್ರೆಗೆ ಹೋಗುವಾಗ ಮುಂದಿನ ಸೀಟಲ್ಲಿ ಕೂರೋಕಾಗ್ತಿರ್ಲಿಲ್ಲ. ಮೇವಿನ ವ್ಯಾನಲ್ಲಿ ಹಿಂದೆ ಹುಲ್ಲಿನ ಮೇಲೆ ಮಲಗಿರ್ತಿದ್ರು."

"ಯಾವ ಆಸ್ಪತ್ರೆಗೆ?"

ಡ್ರೈವರ್ ಅವಳ ಮುಖ ನೋಡಿದ. "ಚಳಿಗಾಲದಿಂದ ಹೋಗ್ತಾನೇ ಇದ್ವಲ್ಲ. ಈ ಬೇಸಿಗೆ ದಾಟೋದು ಕಷ್ಟ ಅಂತ ಡಾಕ್ಟರು ಆಗ್ಲೇ ಹೇಳಿದ್ರಲ್ಲ." ಅವನ ದನಿ ನಿಧಾನವಾಯಿತು. "ನಿಮಗೆ ಹೇಳಿದೀನಿ ಅಂದಿದ್ರು. ಅವಳು ಗಟ್ಟಿಗಿತ್ತಿ, ಒಂದು ಹನಿ ಕಣ್ಣೀರು ಹಾಕ್ಲಿಲ್ಲ ಅಂದಿದ್ರು."

"ನನಗೆ ಹುಳಿತೇಗು ಅಂದಿದ್ರು," ಎಂದಳು ಮುದುಕಿ.

ಅಕ್ಕನ ಬಾಯಿಯಲ್ಲಿ ಕೇಕು ಹಾಗೇ ನಿಂತಿತು. ಮುದುಕಿ ಮಗಳ ಕಡೆ ತಿರುಗಿದಳು. ಮಗಳು ಮೇಜಿನ ಮೇಲಿದ್ದ ಬಣ್ಣದ ಕಾಗದದ ಚೂರುಗಳನ್ನು ಒಂದೊಂದಾಗಿ ಆರಿಸಿ ರಾಶಿ ಮಾಡತೊಡಗಿದ್ದಳು.

"ನಿನಗೂ ಗೊತ್ತಿತ್ತಾ?"

"ಅಪ್ಪ ಬೇಡ ಅಂದಿದ್ರಮ್ಮ. ನೀನು ತಡ್ಕೊಳಲ್ಲ ಅಂತ."

"ಅಳಿಯಂದಿರಿಗೆ?"

ಅಳಿಯ ಬಲೂನು ನೋಡಿದ.

"ಹಾಗಾದ್ರೆ ಎಲ್ರಿಗೂ ಗೊತ್ತಿತ್ತು," ಎಂದಳು ಮುದುಕಿ. "ನನಗೊಬ್ಬಳಿಗೆ ಬಿಟ್ಟು. ಇವತ್ತು ಪುಟ್ಟಿಗೊಬ್ಬಳಿಗೆ ಬಿಟ್ಟು."

*

ಹೋದ ತಿಂಗಳು ಗ್ಯಾಸ್ ಸಿಲಿಂಡರಿನವನು ಸಿಲಿಂಡರನ್ನು ಕೆಳಗೇ ಇಳಿಸಿ ಹೋಗಿದ್ದ. ಅವರ ಮನೆ ಮೇಲಿನ ಮಹಡಿಯಲ್ಲಿತ್ತು. ಒಲೆಯ ಮೇಲೆ ಅನ್ನ ಅರ್ಧ ಬೆಂದು ನಿಂತಿತ್ತು. ಅವಳು ಬಂದು ಬಗ್ಗಿ ನೋಡಿದರೆ, ಗಂಡ ಮೆಟ್ಟಿಲಿನ ಬುಡದಲ್ಲಿ ಸಿಲಿಂಡರಿನ ಕುತ್ತಿಗೆ ಹಿಡಿದುಕೊಂಡು ಕೂತಿದ್ದ.

"ಏನ್ರೀ, ಅಲ್ಲೇ ಕಾವಿಗೆ ಕೂತ್ರಾ?"

"ಬಂದೆ ಕಣೇ."

"ಇಡೀ ದಿನ ಕತ್ತೆ ಜೊತೆ ಇದ್ದು ಅದರ ಗುಣವೇ ಬಂದಿದೆ. ನಿಂತ ಕಡೆ ನಿಂತ್ಬಿಡೋದು."

ಎದುರು ಮನೆಯ ಹೆಂಗಸು ಕೇಳಿಸಿಕೊಂಡು ನಕ್ಕಳು. ಅವಳು ನಕ್ಕದ್ದರಿಂದ ಇವಳಿಗೆ ಹುರುಪು ಬಂದು ಇನ್ನೂ ಒಂದೆರಡು ಅಂದಳು. ಸೋಮಾರಿ ಅಂದಳು. ಕೆಲಸಕ್ಕೆ ಮಾತ್ರ ಮುದುಕ, ತಟ್ಟೆ ಮುಂದೆ ಹುಡುಗ ಅಂದಳು. ಅವನು ಸಿಲಿಂಡರನ್ನು ತಬ್ಬಿಕೊಂಡು, ಒಂದು ಮೆಟ್ಟಿಲಿಗೆ ಎತ್ತಿ ಇಟ್ಟು, ನಿಂತು, ಮತ್ತೆ ಎತ್ತಿ, ಹೀಗೆ ಬಂದ. ಒಳಗೆ ತಂದಿಟ್ಟಾಗ ಅವನ ಅಂಗಿ ಮೈಗೆ ಅಂಟಿತ್ತು. ಬಾಗಿಲಿನ ಚೌಕಟ್ಟು ಹಿಡಿದು ನಿಂತವನಿಗೆ ಅವಳು, ಮೆಟ್ಟಿಲಿನ ಅಂಚನ್ನೆಲ್ಲ ಕೆತ್ತಿಹಾಕಿದ್ರಿ, ಮನೆಯೊಡೆಯ ನಾಳೆ ನನ್ನನ್ನೇ ಕೇಳೋದು ಎಂದಳು.

"ಹುಳಿತೇಗು ಕಣೇ. ಬೆಳಗ್ಗೆ ತಿಂದದ್ದು ಸರಿಹೋಗ್ಲಿಲ್ಲ."

ಅವಳು ಒಂದು ಲೋಟ ಬಿಸಿನೀರು ತಂದು ಮೇಜಿನ ಮೇಲೆ ಕುಕ್ಕಿದಳು. ರಾತ್ರಿ ಊಟದ ಹೊತ್ತಿಗೆ ಅವನು ಆ ದಿನ ಬಂದಿದ್ದ ಯಾವುದೋ ಸಂಸಾರದ ನಕಲು ಮಾಡತೊಡಗಿದ. ಅಪ್ಪ ಕುದುರೆಗೆ ಹೆದರಿ ಮಗನನ್ನು ಮುಂದಕ್ಕೆ ತಳ್ಳಿದ್ದು. ಚೆನ್ನಾಗಿತ್ತು. ಸಿಟ್ಟಿನಲ್ಲಿದ್ದುದರಿಂದ ಅವಳು ನಗಲಿಲ್ಲ. ಅವನು ನಕಲನ್ನು ಅರ್ಧಕ್ಕೇ ನಿಲ್ಲಿಸಿ ಮಜ್ಜಿಗೆ ಕುಡಿದ.

ನಿನ್ನೆ ಬೆಳಿಗ್ಗೆ ಕೆಲಸಕ್ಕೆ ಹೊರಟವನು ಎಡಗಾಲಿಗೆ ಶೂ ಹಾಕಿ, ಬಲಗಾಲಿನದನ್ನು ಕೈಯಲ್ಲಿ ಹಿಡಿದುಕೊಂಡು, ಗೋಡೆಗೆ ಒರಗಿದ. ಹೊತ್ತಾಯ್ತಲ್ರೀ ಎಂದು ಅವಳು ಅಡುಗೆಮನೆಯಿಂದಲೇ ಗದರಿಸಿದಳು. ಅವನು ಕೇಳಿದ ಕೊನೆಯ ಮಾತು ಬಹುಶಃ ಅದೇ. ಅದನ್ನೂ ಅವನು ಕೇಳದೇ ಇದ್ದಿದ್ದರೆ ಚೆನ್ನಾಗಿತ್ತು.

*

ಯಜಮಾನ ಹಾಲಿಗೆ ಬಂದು ಚಮಚದಿಂದ ಲೋಟ ಬಡಿದ. ಭಾಷಣ ಮಾಡುವುದೆಂದರೆ ಅವನಿಗೆ ಇಷ್ಟ. ಸಾಮಾನ್ಯವಾಗಿ ಹುಟ್ಟುಹಬ್ಬಗಳಲ್ಲಿ ಮಾಡುತ್ತಿದ್ದ.

"ನಮ್ಮೆಲ್ಲರ ಪ್ರೀತಿಯ ತಾತ," ಎಂದು ಶುರು ಮಾಡಿ, ಕಿಟಕಿಗೆ ಮೂಗು ಒತ್ತಿ ನಿಂತ ಮಕ್ಕಳನ್ನು ಕಂಡು, ಮುಖದ ತುಂಬ ನಗು ತಂದುಕೊಂಡ. "ನಮ್ಮ ತಾತ ಇವತ್ತು ದೊಡ್ಡ ತೋಟಕ್ಕೆ ಹೋಗಿದ್ದಾರೆ. ಅಲ್ಲಿ ಅವರ ಕುರಿಮರಿಗಳೆಲ್ಲ ಅವರಿಗಾಗಿ ಕಾಯ್ತಾ ಇದ್ವು..."

"ಸತ್ತ ಅನ್ನಿ," ಎಂದಳು ಮುದುಕಿ.

ಯಜಮಾನನ ನಗು ಹಾಗೇ ಇತ್ತು. "ಅಮ್ಮ, ಮಕ್ಕಳು."

"ಒಂದು ಸಲ ಬಾಯಿಬಿಟ್ಟು ಹೇಳಿ. ಚಳಿಗಾಲದಿಂದ ಸಾಯ್ತಾ ಇದ್ದ, ಈಗ ಸತ್ತ ಅಂತ. ನಿಮ್ಮ ಬಾಯಲ್ಲಿ ಬಂದ್ರೆ ನಾನೂ ನಂಬ್ತೀನಿ. ನನಗೆ ಇಲ್ಲಿ ಯಾರೂ ಇನ್ನೂ ಹೇಳೇ ಇಲ್ಲ."

"ಆ ಮಾತು ಶುರು ಮಾಡಿದ್ದು ತಾತಾನೇ ಅಲ್ವೇನಮ್ಮ," ಎಂದ ಯಜಮಾನ, ಮೆತ್ತಗೆ. "ನಾನೇನು ಸ್ವಂತ ಹುಟ್ಟಿಸಿದ್ದಲ್ಲ."

ನಿಜವಾದ ಮಾತು. ಅಷ್ಟರಲ್ಲಿ ಪುಟ್ಟಿ ಓಡಿ ಬಂದಳು. ಅವಳ ಮುಖಕ್ಕೆ ಹುಲಿಯ ಪಟ್ಟೆ ಬರೆದಿದ್ದರು. ಬೆವರಿಗೆ ಮೀಸೆ ಕದಡಿತ್ತು.

"ಅಜ್ಜಿ, ತಾತ ದೊಡ್ಡ ತೋಟಕ್ಕೆ ಹೋಗಿದಾರಂತೆ. ನನ್ನ ಯಾಕೆ ಕರ್ಕೊಂಡು ಹೋಗ್ಲಿಲ್ಲ?"

ಮುದುಕಿಗಿಂತ ಮುಂಚೆ ಮಗಳು, "ದೊಡ್ಡ ರಜೇಲಿ ಹೋಗೋಣ ಚಿನ್ನ," ಎಂದಳು.

"ನನ್ನ ಮೇಲೆ ಸಿಟ್ಟಾ ಅವರಿಗೆ? ನಾನು ಹೋದ್ಸಲ ಅವರ ಕೋಲು ಮುರಿದೆ."

"ಇಲ್ಲಮ್ಮ. ಅಲ್ಲಿ ಹುಲ್ಲು ಜಾಸ್ತಿ ಇದೆ ಅಂತ ಹೋಗಿದಾರೆ."

ಮಗಳ ಬಾಯಿಯಿಂದ ಗಂಡನೇ ಮಾತಾಡಿದಂತಿತ್ತು. ಅದೇ ಹಲ್ಲುಬಿಡುವಿಕೆ, ಅದೇ ಅಪರಾಧಿಯ ಉಪಚಾರ. ಮುದುಕಿ ಪುಟ್ಟ ಕುರ್ಚಿಯಿಂದ ಕಷ್ಟಪಟ್ಟು ಎದ್ದು ಮೊಮ್ಮಗಳ ಕೈ ಹಿಡಿದಳು.

"ರಜೇವರೆಗೂ ಯಾಕೆ? ಈಗ್ಲೇ ಹೋಗೋಣ ಬಾ." ಆಮೇಲೆ ಡ್ರೈವರನಿಗೆ, "ಕೊಟ್ಟಿಗೆ ಹಿಂದಿನ ದಾರಿ ನಿನಗೆ ಗೊತ್ತಲ್ಲಪ್ಪ. ಗಾಡಿ ತೆಗಿ. ಇಷ್ಟು ದಿನ ಅವರನ್ನ ಕರ್ಕೊಂಡು ಹೋದೆ, ಒಂದ್ಸಲ ನನ್ನ ಕರ್ಕೊಂಡು ಹೋಗು."

ಡ್ರೈವರ್ ಯಜಮಾನನ ಮುಖ ನೋಡಲಿಲ್ಲ. ಎದ್ದು ಹೋಗಿ ಟ್ರ್ಯಾಕ್ಟರ್ ಶುರು ಮಾಡಿದ.

ಹಿಂದೆ ಕಟ್ಟಿದ್ದ ಬೆಂಚುಗಳ ಟ್ರೇಲರಿನಲ್ಲಿ ಆಗಲೇ ಸಂಸಾರಗಳು ತುಂಬಿದ್ದವು. ಅಪ್ಪಂದಿರು ಫೋನು ಮೇಲೆತ್ತಿದ್ದರು, ಅಮ್ಮಂದಿರು ಯಾರದೋ ಕೈ ಒರೆಸುತ್ತಿದ್ದರು. ಅಜ್ಜಿಗೂ ಹುಲಿಗೂ ಅವರು ಒತ್ತರಿಸಿ ಜಾಗ ಮಾಡಿಕೊಟ್ಟರು. ಮಗಳು ಟ್ರೇಲರಿನ ಕಂಬಿ ಹಿಡಿದುಕೊಂಡು ಪಕ್ಕದಲ್ಲಿ ಓಡಿ ಬಂದಳು.

"ಅಮ್ಮ, ಇಳಿ. ಅವಳಿಗಿನ್ನೂ ಆರು ವರ್ಷ."

"ನನಗೆ ಅರವತ್ತೆಂಟು. ನನಗೂ ಹೇಳ್ಲಿಲ್ವಲ್ಲ."

ಮಗಳ ಕೈ ಕಂಬಿಯಿಂದ ಜಾರಿತು. ಟ್ರ್ಯಾಕ್ಟರ್ ದಿನವೂ ತಿರುಗುವ ಕಡೆ ತಿರುಗದೆ, ಕೊಟ್ಟಿಗೆಯನ್ನು ಬಳಸಿ, ಗೊಬ್ಬರದ ಗುಡ್ಡೆ ದಾಟಿ ಹೋಯಿತು.

"ಇದು ಎಕ್ಸ್‌ಟ್ರಾ ರೌಂಡಾ?" ಎಂದು ಒಬ್ಬ ಅಪ್ಪ ಕೇಳಿದ. ಇರಬೇಕು ಎಂದ ಇನ್ನೊಬ್ಬ. ಇಬ್ಬರಿಗೂ ಲಾಭವಾದ ಹಾಗೆ ಸಂತೋಷವಾಯಿತು.

ಡ್ರೈವರ್ ಇಂಜಿನ್ ಆರಿಸಿದ. ಎತ್ತರದ ಬೇಲಿಗಿಡದ ಒತ್ತಿನಲ್ಲಿ ಉದ್ದಕ್ಕೆ ಒಂದು ತುಂಡು ನೆಲ. ಹಳೆಯ ಗುಂಡಿಗಳು ಕುಸಿದು ಕಳೆ ಬೆಳೆದಿತ್ತು. ಹೊಸದೊಂದರ ಮೇಲೆ ಸುಣ್ಣ ಬೆಳ್ಳಗಿತ್ತು.

ಪುಟ್ಟಿ ಇಳಿದು ನೋಡಿದಳು. "ಇದೇನಾ? ಚಿಕ್ಕದಾಗಿದೆಯಲ್ಲ."

"ಹೌದು, ಚಿಕ್ಕದು."

"ಕುರಿಮರಿಗಳೆಲ್ಲ ಎಲ್ಲಿ?"

"ಮಣ್ಣೊಳಗೆ. ಅವು ಸತ್ತಿದಾವೆ ಪುಟ್ಟಿ. ಸತ್ತಮೇಲೆ ತಾತ ತಂದು ಇಲ್ಲಿ ಹೂಳ್ತಿದ್ರು." ಮುದುಕಿ ಮೊಣಕಾಲೂರಿ ಅವಳ ಎತ್ತರಕ್ಕೆ ಇಳಿದಳು. "ನಿಮ್ಮ ತಾತಾನೂ ಸತ್ತರು."

ಟ್ರೇಲರಿನಲ್ಲಿ ಒಬ್ಬ ಅಮ್ಮ ಮಗನ ಕಿವಿ ಮುಚ್ಚಿದಳು, ಮಾತು ಒಳಗೆ ಹೋದ ಮೇಲೆ. "ಏನ್ರೀ ಇದು," ಎಂದ ಫೋನಿನ ಅಪ್ಪ, ಡ್ರೈವರನಿಗೆ. "ಫ್ಯಾಮಿಲಿ ಕರ್ಕೊಂಡು ಬಂದಿದೀವಿ ನಾವು." ಆದರೆ ಫೋನನ್ನು ಕೆಳಗಿಳಿಸಲಿಲ್ಲ.

"ಸಿಟ್ಟಿಂದ ಅಲ್ವಾ?" ಎಂದು ಕೇಳಿದಳು ಪುಟ್ಟಿ.

"ಅಲ್ಲ. ಕಾಯಿಲೆಯಿಂದ. ಬಹಳ ನೋವಿತ್ತು ಅವರಿಗೆ. ನನಗೆ ಗೊತ್ತಿರ್ಲಿಲ್ಲ, ಬೈದುಬಿಟ್ಟೆ."

ಪುಟ್ಟಿ ಅದನ್ನು ಯೋಚಿಸಿದಳು. ಹುಲಿಯ ಮುಖದಲ್ಲಿ ಹುಬ್ಬು ಗಂಟಾಯಿತು. ಸುಣ್ಣದ ಗುಂಡಿಯ ಹತ್ತಿರ ಹೋಗಿ, ಎರಡೂ ಕೈ ಅಗಲಿಸಿ ಅಳತೆ ನೋಡಿದಳು.

"ಇದ್ರಲ್ಲಿ ತಾತ ಹಿಡಿಸಲ್ಲ."

"ಅವರನ್ನ ಆ ಕಡೆ ಹೂತಿದೀವಿ. ಬೇಲಿ ಆಚೆ."

"ತೋರಿಸ್ತೀಯಾ?"

ಬೇಲಿಗಿಡದ ನಡುವೆ ತುಕ್ಕು ಹಿಡಿದ ಹಿಂಬಾಗಿಲೊಂದಿತ್ತು. ಡ್ರೈವರ್ ಭುಜ ಕೊಟ್ಟು ನೂಕಿದ. ಆಚೆ ಕಾಲುದಾರಿ, ಕಾಲುದಾರಿಯ ತುದಿಗೆ ಸ್ಮಶಾನ. ಅಜ್ಜಿ ಮೊಮ್ಮಗಳು ಮುಂದೆ ಹೋದರು, ಡ್ರೈವರ್ ಹಿಂದೆ.

ಟ್ರೇಲರಿನಲ್ಲಿದ್ದವರಿಗೆ ಇಳಿಯಿರಿ ಎಂದು ಯಾರೂ ಹೇಳಲಿಲ್ಲ. ಕೂತಿರಿ ಎಂದೂ ಹೇಳಲಿಲ್ಲ. ಬೆಳಗಿನಿಂದ ಬಾಣದ ಗುರುತು ತೋರಿಸಿದ ಕಡೆ ನಡೆದು ರೂಢಿಯಾದವರು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಮಕ್ಕಳು ಧುಮುಕಿ ಪುಟ್ಟಿಯ ಹಿಂದೆ ಓಡಿದವು. ಮಕ್ಕಳನ್ನು ಹಿಡಿಯಲು ಅಮ್ಮಂದಿರು ಇಳಿದರು. ಅಮ್ಮಂದಿರು ಹೋದ ಮೇಲೆ ಅಪ್ಪಂದಿರು, ಮುಂದೆ ಏನೋ ನೋಡುವಂಥದ್ದಿದೆ ಎಂದುಕೊಂಡು, ಮಕ್ಕಳ ಕೈಗಾಡಿಗಳನ್ನೂ ನೀರಿನ ಬಾಟಲಿಗಳನ್ನೂ ಹೊತ್ತು ಬಂದರು. ಮೊಲಕ್ಕೆ ಕ್ಯಾರೆಟ್ ತಿನ್ನಿಸುವ ಹೊತ್ತಾಯಿತು ಎಂದು ತೋಟದ ಮೈಕು ಕೂಗಿತು, ಯಾರೂ ತಿರುಗಲಿಲ್ಲ. ಎಲ್ಲರಿಗಿಂತ ಹಿಂದೆ, ಚಪ್ಪಲಿ ಕೈಯಲ್ಲಿ ಹಿಡಿದು, ಮುದುಕಿಯ ಮಗಳು ಬರುತ್ತಿದ್ದಳು.

ಗುಂಡಿ ತೋಡುವವನು ಕೆಲಸ ಮುಗಿಸಿ ಗುದ್ದಲಿ ಹೆಗಲಿಗಿಟ್ಟು ಎದುರಿನಿಂದ ಬರುತ್ತಿದ್ದ. ಕಾಲುದಾರಿ ತುಂಬ ಸಾಲುಗಟ್ಟಿ ಬರುವ ಜನ, ಮಕ್ಕಳ ಮುಖದ ಮೇಲೆ ಬರೆದ ಹುಲಿಗಳು, ಚಿಟ್ಟೆಗಳು, ಕೈಯಲ್ಲಿ ಕರಗಿ ಸೋರುವ ಐಸ್‌ಕ್ರೀಮು. ಯಾರೋ ಭಾರಿ ಮನುಷ್ಯನೇ ಇರಬೇಕೆಂದು ಅವನು ಗುದ್ದಲಿ ಇಳಿಸಿ, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ದಾರಿಯ ಪಕ್ಕಕ್ಕೆ ಸರಿದು ನಿಂತ. ಸಾಲು ಮುಗಿಯುವವರೆಗೂ, ಹೆಣದ ಪೆಟ್ಟಿಗೆ ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕುತ್ತ.